ಹೊರಗ

ನಾಯಿಯ ಉಚ್ಚೆಯ ಮೇಲೆ ಕತೆ ಬರೆಯುವುದು ಮರ್ಯಾದಸ್ಥರ ಕೆಲಸವಲ್ಲ ಎಂಬುದು ಗೊತ್ತಿದೆ. ಅದರಲ್ಲೂ ಆ ನೆಪದಲ್ಲಿ, ಒಂದು ಮನೆಯ ಹೆಂಗಸರು ದನಿ ತಗ್ಗಿಸಿ ಆಡುವ ಮಾತೊಂದನ್ನು ಹೀಗೆ ನಾಲ್ಕು ಜನರ ಮುಂದೆ ಇಡುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಿಲ್ಲ. ಓದುವವರು ಕ್ಷಮಿಸಬೇಕು. ದೊಡ್ಡ ಸಂಗತಿಗಳನ್ನು ಬಲ್ಲವರು ಬರೆಯಲಿ. ಇಲ್ಲಿರುವುದು ಗದಗಿನ ಒಂದು ಹಳೆಯ ಮನೆಯಲ್ಲಿ, ಒಂದು ರವಿವಾರ, ಪವಮಾನ ಎಂಬ ಗುಮಾಸ್ತ ನೋಡಿದ್ದು, ಅಥವಾ ನೋಡಿದೆ ಎಂದುಕೊಂಡದ್ದು, ಅಷ್ಟೆ.

ಹಾಲು ತಂದು ಬಾಗಿಲು ದೂಡುವಾಗಲೇ ಅವನಿಗೆ ಗೊತ್ತಾಗಿತ್ತು. ವಾಸನೆಯಿಂದಲ್ಲ, ಮನೆ ಸುಮ್ಮನಿದ್ದ ರೀತಿಯಿಂದ. ದಿನಾ ಅವನ ಚಪ್ಪಲಿಯ ಸಪ್ಪಳಕ್ಕೆ ಪಡಸಾಲೆಯ ತನಕ ಜಾರುತ್ತ ಓಡಿಬರುವ ನಾಯಿ ಜೋಳಿ ಇವತ್ತು ಬರಲಿಲ್ಲ. ಪಡಸಾಲೆ ದಾಟಿದರೆ ನಡುಮನೆ. ನಡುಮನೆಯಿಂದ ಒಂದು ಮೆಟ್ಟಿಲು ಇಳಿದರೆ ಬಚ್ಚಲಿಗೂ ಹಿತ್ತಲ ಬಾಗಿಲಿಗೂ ಹೋಗುವ ಇಕ್ಕಟ್ಟಾದ ಜಾಗ, ಮೇಲೆ ತಗಡು, ಪಕ್ಕಕ್ಕೆ ಗೋಡೆ, ಕೆಳಗೆ ಸವೆದ ಫರಸಿಕಲ್ಲು. ಆ ಮೆಟ್ಟಿಲಿನ ಮೇಲೆ ಅವನ ತಾಯಿ ಪದ್ಮಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಕೆಳಗೆ ಗೋಡೆಯ ಮೂಲೆಯಿಂದ ಹೊರಟದ್ದು ಕಲ್ಲಿನ ಸಂದುಗಳನ್ನು ಹುಡುಕಿಕೊಂಡು ಹರಿದು, ಅಲ್ಲಲ್ಲಿ ನಿಂತು, ಬೆಳಕಿಗೆ ಹೊಳೆಯುತ್ತಿತ್ತು. ಹೆಂಡತಿ ಜಾಹ್ನವಿ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿ, ಬಕೆಟ್ಟು ಹಳೆಯ ಅರಿವೆ ಹಿಡಿದು ಬಚ್ಚಲ ಬಾಗಿಲಲ್ಲಿ ಕಾಯುತ್ತಿದ್ದಳು, ಹೇಳುವವರು ಹೇಳಿ ಮುಗಿಸಲಿ, ಆಮೇಲೆ ಒರೆಸಿದರಾಯಿತು ಎನ್ನುವ ಹಾಗೆ. ಜೋಳಿ ಅವಳ ಕಾಲ ಹಿಂದೆ. ತಪ್ಪು ಮಾಡಿದ ನಾಯಿ ಬಾಲವನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತದೆ. ಇದರ ಬಾಲ ಮೆಲ್ಲಗೆ ಆಡುತ್ತಿತ್ತು. ಅದನ್ನು ಅವನು ನೋಡಿದ. ನೋಡಿ, ಆಗ, ಸಿಟ್ಟಾದ.

"ಮೊನ್ನೆ ಏನ ಹೇಳಿದ್ದೆ ನಾನು?" ಎಂದಳು ತಾಯಿ.

"ಇನ್ನೊಮ್ಮೆ ಒಳಗ ಮಾಡ್ತಂದ್ರ ಕಳಸಿಬಿಡೋಣು ಅಂತ."

"ಆತಲ್ಲ ಇನ್ನೊಮ್ಮೆ. ಹಚ್ಚು ಮಾಶಾಕಗ ಫೋನು."

ಮಾಶಾಕ ಗುಡಿಯ ಮೂಲೆಯಲ್ಲಿ ಆಟೋ ನಿಲ್ಲಿಸುವವನು, ಜಾಹ್ನವಿಯನ್ನು ದಿನಾ ಬೆಟಗೇರಿಯ ಶಾಲೆಗೆ ಬಿಟ್ಟುಬರುವವನು. ಮುಂಡರಗಿಯ ಆಚೆ ಅವನ ಮಾವನ ಹೊಲವಿತ್ತು, ಕುರಿ ಇದ್ದವು, ನಾಯಿ ಬೇಕು ಎಂದು ತಾನಾಗಿಯೇ ಹೇಳಿದ್ದ. ಪವಮಾನ ಫೋನು ಹಿಡಿದು ಪಡಸಾಲೆಗೆ ಬಂದು, ದನಿ ಒಳಗೆ ಕೇಳದಿರಲೆಂದು ಕಿಡಕಿಯ ಕಡೆ ಮುಖ ಮಾಡಿ ನಿಂತ.

"ಮತ್ತ ಹೊಯ್ತೇನ್ರಿ ರಾಯರ?" ಎಂದ ಮಾಶಾಕ, ಅವನು ಬಾಯಿ ಬಿಡುವ ಮೊದಲೇ.

"ಹೂಂನಪಾ."

"ನಾಕಕ್ಕ ಬರ್ತೀನಿ ತಗೋರಿ. ಹೆಂಗೂ ನಮ್ಮಾಕಿ ರಸೂಲಬಿನ್ನ ತವರಿಗೆ ಬಿಡಾಕ ಹೊಂಟೀನಿ. ನಾಯಿ ಬಾಜೂಕ ಕುಂಡ್ರಂಗಿಲ್ಲ ಅಂತಾಳ ಆಕಿ. ಹಂಗಾದ್ರ ನೀ ಹಿಂದ ಒಬ್ಬಾಕೀನ ಕುಂಡ್ರು, ನಾಯಿ ನನ್ನ ಬಾಜೂಕ ಕುಂಡರತೈತಿ ಅಂದೀನಿ. ಸಿಟ್ಟಾಗ್ಯಾಳ." ಅವನು ನಕ್ಕ. "ನೀವೇನ ಮನಸಿಗೆ ಹಚ್ಕೋಬ್ಯಾಡ್ರಿ. ನಮ್ಮ ಮಾವನ ಹೊಲದಾಗ ಗ್ವಾಡೀನ ಇಲ್ಲ. ಒಳಗ ಹೊರಗ ಅನ್ನೂ ತಕರಾರ ಇಲ್ಲ. ಕಪ್ಪತಗುಡ್ಡ ಒಂದ ಗ್ವಾಡಿ ನೋಡ್ರಿ ಅಲ್ಲಿ."

ಫೋನು ಇಟ್ಟ ಮೇಲೂ ಅವನು ಕಿಡಕಿಯಲ್ಲೇ ನಿಂತಿದ್ದ. ತಾನು ಲೆಕ್ಕ ಬರೆಯುವ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಪಕ್ಕದ ಮೇಜಿನ ಗೋಪಾಲ ಮೊನ್ನೆ ಇದ್ದಕ್ಕಿದ್ದಂತೆ ಮೂಗು ಎಳೆದು, "ರಾಯರ, ನಿಮ್ಮ ಧೋತರ ಫಿನೈಲನ್ಯಾಗ ಒಗೀತೀರೇನು?" ಎಂದಿದ್ದ. ಎಲ್ಲರೂ ನಕ್ಕಿದ್ದರು. ತಾನು ಧೋತರ ಉಡುವವನಲ್ಲ ಎಂಬುದು ಕೂಡ ಅವನಿಗೆ ಆಗ ಹೇಳಲು ತೋಚಿರಲಿಲ್ಲ. ಅಂಥವಕ್ಕೆ ಅವನು ಹೆದರುವುದಿಲ್ಲ ಎಂದಲ್ಲ, ಅಂಥವಕ್ಕೇ ಹೆದರುತ್ತಾನೆ. ಆದರೆ ಈಗ ಎದೆಯಲ್ಲಿ ಕೂತದ್ದು ಅದಲ್ಲ. ಹದಿನಾರು ವರ್ಷಗಳಲ್ಲಿ ಜಾಹ್ನವಿ ಈ ಮನೆಗೆ ತನ್ನ ಮನಸ್ಸಿನಿಂದ ತಂದ ಜೀವವೆಂದರೆ ಇದೊಂದೇ. ಶಿರಹಟ್ಟಿಗೆ ಪರೀಕ್ಷೆಯ ಕೆಲಸಕ್ಕೆಂದು ಹೋದವಳು ಸಂಜೆ ಬಸ್ಸಿಳಿದು ಬಂದಾಗ ಅವಳ ಕೈಚೀಲ ಅಲುಗಾಡುತ್ತಿತ್ತು. ಜೋಳದ ಹಿಟ್ಟಿನ ಬಣ್ಣದ ಮರಿ. ಎಲ್ಲಿಂದ, ಯಾಕೆ ಎಂದು ಅವಳು ಹೇಳಲಿಲ್ಲ. "ಇದು ಇಲ್ಲೇ ಇರ್ತದ" ಎಂದಳು ಅಷ್ಟೆ, ಕೇಳುವ ದನಿಯಲ್ಲಲ್ಲ, ಹೇಳುವ ದನಿಯಲ್ಲಿ. ಆ ದನಿಯನ್ನು ಅವನು ಅದಕ್ಕೆ ಮೊದಲು ಅವಳಲ್ಲಿ ಕೇಳಿರಲಿಲ್ಲ. ಮಡಿಯ ಮನೆ, ದೇವರ ಮನೆಯ ಹೊಸ್ತಿಲಿಗೆ ಮಕ್ಕಳು ಕೂಡ ಕೈಕಾಲು ತೊಳೆದು ಬರಬೇಕಾದ ಮನೆ. ಆದರೆ ಅಲ್ಲಿ ಮಕ್ಕಳು ಇರಲಿಲ್ಲ. ಬಹುಶಃ ಅದನ್ನೇ ನೆನೆದು ಪದ್ಮಾಬಾಯಿ ಆ ಹೊತ್ತು ಏನೂ ಅನ್ನದೆ ಒಳಗೆ ಹೋಗಿದ್ದಳು. ಮರುದಿನದಿಂದ ಮಾತ್ರ, "ಜೋಳಿ ಅಲ್ಲ ಇದು, ಗೋಳು" ಎನ್ನತೊಡಗಿದಳು.

ಕಲಿಸುವ ಕೆಲಸವನ್ನು ಪವಮಾನ ತಾನಾಗಿ ಹೊತ್ತುಕೊಂಡಿದ್ದ. ಜಾಹ್ನವಿಗಾಗಿ ಏನಾದರೂ ಒಂದನ್ನು ಸರಿಯಾಗಿ ಮಾಡಿ ಮುಗಿಸುವ ಅವಕಾಶ ಇದು ಎಂದು ಅವನಿಗೆ ಅನ್ನಿಸಿತ್ತು. ಫೋನಿನಲ್ಲಿ ಒಬ್ಬ ಮನುಷ್ಯ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ: ಒಂದೇ ಮಾತು ಆರಿಸಿಕೊಳ್ಳಿ, ಮನೆಯವರೆಲ್ಲ ಅದೇ ಮಾತು ಆಡಿ, ನಾಯಿಗೆ ಭಾಷೆ ಬರುವುದಿಲ್ಲ, ಆದರೆ ಮಾತು ತಿಳಿಯುತ್ತದೆ. ಯಾವ ಮಾತು ಎಂದು ಪವಮಾನ ಬಹಳ ಯೋಚಿಸಿದ. 'ಹೋಗು' ಎಂದರೆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಅನ್ನುವ ಮಾತು, ಗೊಂದಲವಾದೀತು. ಉಚ್ಚೆಯ ಹೆಸರನ್ನೇ ಹಿಡಿದು ಆ ಓಣಿಯಲ್ಲಿ ಕೂಗಲಾಗದು. ಕೊನೆಗೆ 'ಹೊರಗ' ಎಂದು ನಿಶ್ಚಯಿಸಿದ. ಸಣ್ಣ ಮಾತು, ಸ್ಪಷ್ಟ ಮಾತು, ಸಿಟ್ಟಿಲ್ಲದೆ ಅನ್ನಬಹುದಾದ ಮಾತು. ಹಿತ್ತಲ ಬಾಗಿಲು ತೆಗೆದು, ನುಗ್ಗೆ ಗಿಡದ ಬುಡ ತೋರಿಸಿ, "ಹೊರಗ" ಎನ್ನುವುದು. ಅದು ಮಾಡಿದರೆ ಜೋಳದ ಭಕ್ರಿಯ ಚೂರು ಕೊಡುವುದು. ತಾಯಿಗೂ ಹೇಳಿಕೊಟ್ಟ.

"ನಾಯಿ ಕೂಡ ನಾ ಮಾತಾಡಬೇಕೇನು ಈ ವಯಸ್ಸಿನ್ಯಾಗ?"

"ಒಂದ ಮಾತು ಅವ್ವಾ. ಹೊರಗ ಅಂದ್ರ ಆತು."

"ಅದನ್ನ ನನಗ ಕಲಸ್ತೀ ಏನೋ ಪವ್ಯಾ?" ಎಂದು ಪದ್ಮಾಬಾಯಿ ನಕ್ಕಿದ್ದಳು. "ಮದಿವ್ಯಾಗಿ ಬಂದಾಗಿಂದ ಅದನ್ನ ಕೇಳೀನಿ, ಅದನ್ನ ಅಂದೀನಿ."

ನಾಯಿ ಕಲಿತಿತು. ಅದೇ ವಿಚಿತ್ರ. ಬೆಳಿಗ್ಗೆ ಅವನು ಬಾಗಿಲು ತೆಗೆದು ಹೊರಗ ಎಂದರೆ ನೆಟ್ಟಗೆ ನುಗ್ಗೆಯ ಬುಡಕ್ಕೆ ಹೋಗಿ, ಅವನ ಮುಖ ನೋಡುತ್ತಲೇ ಕೂತು, ಮುಗಿಸಿ ಬರುತ್ತಿತ್ತು. ವಾರಗಟ್ಟಲೆ ಮನೆ ಒಣಗಿರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನ, ಹಿತ್ತಲ ಬಾಗಿಲು ಎರಡು ಮಾರು ದೂರದಲ್ಲಿ ತೆರೆದೇ ಇರುವಾಗ, ಆ ಮೂಲೆಯಲ್ಲಿ, ಮತ್ತೆ ಅದೇ ಮೂಲೆಯಲ್ಲಿ. ಫಿನೈಲು ಹಾಕಿದರು, ಅರಿಷಿಣದ ನೀರು ಹಾಕಿದರು. ಪದ್ಮಾಬಾಯಿ ಶುದ್ಧಿಗೆಂದು ಗೋಮೂತ್ರ ಸಿಂಪಡಿಸಿದಳು. ಉಚ್ಚೆಯನ್ನು ಉಚ್ಚೆಯಿಂದ ತೊಳೆದರೆ ನಾಯಿ ಏನು ತಿಳಿಯಬೇಕು ಎಂದು ಪವಮಾನನಿಗೆ ಅನ್ನಿಸಿತು, ಅನ್ನಲಿಲ್ಲ. ಹೋದ ತಿಂಗಳು ಒಂದು ಸಲ ಅವನು ಅದರ ಕುತ್ತಿಗೆ ಹಿಡಿದು ಮೂತಿಯನ್ನು ಹಸಿ ಕಲ್ಲಿಗೆ ಒತ್ತಿದ್ದ. ಅದು ಒದ್ದಾಡಲಿಲ್ಲ. ಒತ್ತಿಸಿಕೊಂಡೇ ಕಣ್ಣು ಮೇಲೆತ್ತಿ ಅವನನ್ನು ನೋಡಿತು. ಆ ನೋಟದಲ್ಲಿ ನೋವಾಗಲಿ ಹೆದರಿಕೆಯಾಗಲಿ ಇರಲಿಲ್ಲ. ಏನನ್ನೋ ತಿಳಿದುಕೊಳ್ಳಲು ಪ್ರಯತ್ನಪಡುವವರ ನೋಟ. ಅಂಥ ಮುಖವನ್ನು ಅವನು ಬಲ್ಲ. ಚಿಕ್ಕಂದಿನಲ್ಲಿ, ಲಕ್ಷ್ಮೇಶ್ವರದ ಸೋದರಮಾವನ ಮನೆಯಲ್ಲಿ, ಅದು ಅವನದೇ ಮುಖವಾಗಿತ್ತು. ತಂದೆಗೆ ವರ್ಗವಾಗಿ ಅವನನ್ನು ಅಲ್ಲಿ ಓದಲು ಬಿಟ್ಟಿದ್ದರು, ನಾಲ್ಕನೆಯ ಇಯತ್ತೆ ಮುಗಿದರೂ ಹಾಸಿಗೆ ಒದ್ದೆಯಾಗುತ್ತಿತ್ತು. ಮಾಮಿ ಕೌದಿಯನ್ನು ಬೇಕೆಂದೇ ಬೀದಿಯ ಕಡೆಯ ಕಟ್ಟೆಗೆ ಒಣಹಾಕುತ್ತಿದ್ದಳು. ಶಾಲೆಗೆ ಹೋಗುವ ಹುಡುಗರು ಅದರ ಮೇಲಿನ ಕಲೆಗೆ ದೇಶಗಳ ಹೆಸರು ಇಡುತ್ತಿದ್ದರು. "ಎದ್ದು ಹೊರಗ ಹೋಗಲಿಕ್ಕೆ ಏನ ಧಾಡಿ ನಿನಗ?" ಎಂದು ಮಾಮಿ ಕೇಳುತ್ತಿದ್ದಳು. ಅವನು ಯಾರಿಗೂ ಹೇಳಲಾಗದೆ ಹೋದದ್ದೆಂದರೆ, ಅವನು ಪ್ರತಿಸಲವೂ ಎದ್ದು ಹೋಗುತ್ತಿದ್ದ. ಕೌದಿ ಸರಿಸಿ, ಅಗುಳಿ ತೆಗೆದು, ತಣ್ಣನೆಯ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದು, ಬೇವಿನ ಮರದ ಬುಡದಲ್ಲಿ, ಹೇಳಿದ ಜಾಗದಲ್ಲೇ ಹೊಯ್ದು, ಸಮಾಧಾನವಾಗಿ ತಿರುಗುವಾಗ ಎಚ್ಚರವಾಗುತ್ತಿತ್ತು.

ಜಾಹ್ನವಿ ನೆಲ ಒರೆಸಿ, ಒಣಗಿದ ಮೇಲೆ ಚಾಪೆಯನ್ನು ಮತ್ತೆ ಅದೇ ಮೂಲೆಗೆ ಹಾಸಿಕೊಂಡು ಕೂತಳು. ಪಕ್ಕದಲ್ಲಿ ಅವಳದೇ ಬೇರೆ ತಂಬಿಗೆ, ಬೇರೆ ತಾಟು. ಇವತ್ತು ನಸುಕಿನಲ್ಲಿ ಅತ್ತೆಗೆ ಹೇಳಿರಬೇಕು. ತಿಂಗಳಿಗೊಮ್ಮೆ ಮೂರು ದಿನ ಅವಳು ಅಡಿಗೆಮನೆಗೆ ಹೋಗುವುದಿಲ್ಲ, ನಡುಮನೆಗೆ ಹತ್ತುವುದಿಲ್ಲ, ಆ ಮೂಲೆಯಲ್ಲಿ ಇರುತ್ತಾಳೆ. ಶಾಲೆಯ ದಿನವಾದರೆ ಹಿತ್ತಲ ಬಾಗಿಲಿನಿಂದ ಹೋಗಿ, ಬೆಟಗೇರಿಯಲ್ಲಿ ಮಕ್ಕಳಿಗೆ ವ್ಯಾಕರಣ ಕಲಿಸಿ, ಹಿತ್ತಲ ಬಾಗಿಲಿನಿಂದ ಬಂದು ಮತ್ತೆ ಕೂಡುತ್ತಾಳೆ. ಮೊದಲೆಲ್ಲ ಆ ಸುದ್ದಿ ತಿಳಿದಾಗ ಪದ್ಮಾಬಾಯಿಯ ದನಿ ಇಳಿಯುತ್ತಿತ್ತು, ಈ ತಿಂಗಳೂ ಇಲ್ಲವೇ ಎನ್ನುವಂತೆ. ಈಗ ಬರಿಯ ರೂಢಿ ಉಳಿದಿದೆ. ಪವಮಾನ ಅದರ ಬಗ್ಗೆ ಎಂದೂ ಏನೂ ಅಂದವನಲ್ಲ. ಮಳೆ ಬಂದರೆ ಕೊಡೆ ಹಿಡಿಯುವಷ್ಟು ಸಹಜವಾಗಿ ಅವನು ಆ ದಿನಗಳಲ್ಲಿ ಮೆಟ್ಟಿಲಿನ ಮೇಲೆ ಕೂತು ಹೆಂಡತಿಯೊಡನೆ ಮಾತಾಡುತ್ತಿದ್ದ. ಈಗಲೂ ಹೋಗಿ ಕೂತ. ಅವಳು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಮಕ್ಕಳ ಉತ್ತರಗಳನ್ನು ತಿದ್ದುತ್ತಿದ್ದಳು. ಜೋಳಿ ಇಬ್ಬರ ನಡುವೆ, ಮೆಟ್ಟಿಲಿಗೆ ಬೆನ್ನು ಕೊಟ್ಟು ಮಲಗಿತ್ತು.

"ನಾಕಕ್ಕ ಬರ್ತಾನಂತ."

"ಕೇಳಿಸ್ತು."

"ನೀ ಏನೂ ಅನ್ನವಲ್ಲಿ."

"ನಾ ಹೊರಗಿನಾಕಿ ಈಗ" ಎಂದಳು ಜಾಹ್ನವಿ, ತಿದ್ದುವುದನ್ನು ನಿಲ್ಲಿಸದೆ. "ಮನಿ ಮಾತಿನ್ಯಾಗ ನಾ ಯಾಕ ಬರ್ಲಿ."

ಅದು ಚೇಷ್ಟೆಯೋ ಚುಚ್ಚೋ ಅವನಿಗೆ ತಿಳಿಯಲಿಲ್ಲ. ನಗಬೇಕೆಂದುಕೊಂಡ, ಅಷ್ಟರಲ್ಲಿ ನಗುವ ಹೊತ್ತು ದಾಟಿತ್ತು. ಅವನಿಗೆ ಯಾವಾಗಲೂ ಹೀಗೇ. ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಅಂಗಡಿ ಮುಚ್ಚಿ ಸೈಕಲ್ಲು ತುಳಿದು ಹೋಗುವಷ್ಟರಲ್ಲಿ ಪಾಠ ಅರ್ಧ ಆಗಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತು, ಫಲಕದ ಮೇಲೆ ಅಳಿಸಿಹೋದದ್ದರ ಗುರುತುಗಳನ್ನು ನೋಡಿ ಊಹಿಸುತ್ತಿದ್ದ. ಮುಖ್ಯವಾದದ್ದನ್ನು ತಾನು ಬರುವ ಮೊದಲೇ ಹೇಳಿಬಿಟ್ಟಿದ್ದಾರೆ ಎಂಬ ಅನುಮಾನ ಅಂದಿನಿಂದ ಅವನನ್ನು ಬಿಟ್ಟಿಲ್ಲ, ಮದುವೆಯಲ್ಲಿ ಕೂಡ.

ಅಡಿಗೆಮನೆಯಿಂದ ಪದ್ಮಾಬಾಯಿ ಬಂದಳು. ಚಹದ ಲೋಟವನ್ನು ಮೆಟ್ಟಿಲಿನ ಅಂಚಿನಲ್ಲಿ, ಯಾರಿಗೂ ಯಾವುದಕ್ಕೂ ತಾಗದಂತೆ ಇಟ್ಟು, ಗದ್ದವನ್ನು ಮೂಲೆಯ ಕಡೆ ಎತ್ತಿ, ಸೊಸೆಗೆ ಹೇಳುವುದನ್ನು ಮಗನಿಗೆ ಹೇಳುವ ರೂಢಿಯಂತೆ, "ಹೊರಗ ಚಹಾ ಇಟ್ಟೀನಿ ನೋಡಪಾ" ಎಂದು ತಿರುಗಿದಳು.

ಜೋಳಿ ಎದ್ದಿತು. ನಿದ್ದೆಯಿಂದ ಎದ್ದು, ಮೈ ಕೊಡವಿ, ಪದ್ಮಾಬಾಯಿಯ ಬೆನ್ನನ್ನು ನೋಡಿತು. ಆಮೇಲೆ ತೆರೆದ ಹಿತ್ತಲ ಬಾಗಿಲನ್ನು ನೋಡಿತು, ಬಿಸಿಲು ಅಲ್ಲಿಂದ ಒಂದು ಗೇಣು ಒಳಗೆ ಬಿದ್ದಿತ್ತು. ಆ ಬಿಸಿಲನ್ನು ಬಿಟ್ಟು, ಜಾಹ್ನವಿಯ ಚಾಪೆಯ ಅಂಚಿಗೆ ಹೋಗಿ, ಮೂಲೆಯ ಕಲ್ಲನ್ನು ಮೂಸಿ, ಹಿಂಗಾಲು ಮಡಚಿ ಕೂತಿತು. ಏನೂ ಬರಲಿಲ್ಲ. ಬೆಳಿಗ್ಗೆಯಷ್ಟೇ ಆಗಿತ್ತಲ್ಲ, ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಕೂತು, ಪ್ರಯತ್ನಪಟ್ಟು, ಕಿವಿ ಹಿಂದಕ್ಕೆ ಹಾಕಿ, ಹೇಳಿದ್ದು ತನ್ನಿಂದ ಆಗುತ್ತಿಲ್ಲ ಎಂಬ ಸಂಕೋಚದಲ್ಲಿ, ಅಡಿಗೆಮನೆಯ ಕಡೆಗೇ ಮುಖ ಮಾಡಿಕೊಂಡಿತ್ತು.

ಜಾಹ್ನವಿ ತಲೆ ಎತ್ತಿರಲಿಲ್ಲ. ಪವಮಾನನೊಬ್ಬನೇ ನೋಡಿದ್ದು. ಅವನ ಅಜ್ಜ ವೀರನಾರಾಯಣನ ಗುಡಿಯಲ್ಲಿ ಸೇವೆಗೆ ಇದ್ದವರು. ಎಳವೆಯಲ್ಲಿ ಎಷ್ಟೋ ಸಲ, ಪರದೆ ಸರಿದು ಮಂಗಳಾರತಿಯ ಬೆಳಕು ಮೂರ್ತಿಯ ಮೇಲೆ ಬಿದ್ದಾಗ, ಸುತ್ತಲಿನವರೆಲ್ಲ ಗದಗದಿಸಿ ಕೈಮುಗಿಯುತ್ತಿದ್ದರೆ ಅವನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಕೈಮುಗಿಯುತ್ತಿದ್ದ, ಏನೂ ಅನ್ನಿಸದೆ ಮುಗಿದೆನಲ್ಲ ಎಂದು ನಾಚುತ್ತಿದ್ದ. ಈಗ, ತಗಡಿನ ಕೆಳಗೆ, ಫಿನೈಲಿನ ವಾಸನೆಯಲ್ಲಿ, ಉಚ್ಚೆಗೆ ಕೂತ ಒಂದು ನಾಯಿಯ ಮುಂದೆ ಅವನ ಮೈಯೆಲ್ಲ ಮುಳ್ಳಾಯಿತು. ಇದು ತಪ್ಪು ಮಾಡಿರಲಿಲ್ಲ. ಒಮ್ಮೆಯೂ ಮಾಡಿರಲಿಲ್ಲ. ಅವನು ಕಲಿಸಿದ ಮಾತನ್ನೇ ಹಿಡಿದು ಅದು ಮನೆಯ ತುಂಬ ಕೇಳುತ್ತ ಹೋಗಿತ್ತು. ಹೊರಗ ಅಂದರೆ ಎಲ್ಲಿ? ಮುದುಕಿ ಹೊರಗ ಎಂದಾಗ ಅವಳ ಗದ್ದ ಈ ಮೂಲೆಗೆ ತಿರುಗುತ್ತದೆ. ಹೊರಗ ಎಂದಾಗ, ತನ್ನನ್ನು ಚೀಲದಲ್ಲಿ ಹೊತ್ತುತಂದವಳು ಇಳಿದು ಬಂದು ಈ ಮೂಲೆಯಲ್ಲಿ ಕೂಡುತ್ತಾಳೆ. ತಾಟು ಹೊರಗ, ತಂಬಿಗೆ ಹೊರಗ, ಚಹಾ ಹೊರಗ. ಹಾಗಾದರೆ ಇದೇ ಹೊರಗ. ಲಕ್ಷ್ಮೇಶ್ವರದ ಆ ವರ್ಷಗಳನ್ನು ಬಿಟ್ಟರೆ ಹುಟ್ಟಿದಾಗಿನಿಂದ ಅವನು ಈ ಮನೆಯಲ್ಲಿ ಇದ್ದಾನೆ. ಗೋಡೆಯ ಒಳಗೆ, ತಗಡಿನ ಅಡಿಯಲ್ಲಿ, ಅಗುಳಿ ಹಾಕಿದ ಬಾಗಿಲಿನ ಈಚೆ ಇರುವ ಜಾಗವೊಂದನ್ನು ಹೊರಗ ಎನ್ನುತ್ತಾರಲ್ಲ ಎಂದು ಒಂದು ಸಲವೂ ಅವನ ಕಿವಿಗೆ ಬಿದ್ದಿರಲಿಲ್ಲ. ಪಾಠ ಅರ್ಧವಾದ ಮೇಲೆ ಬಂದ ನಾಯಿ, ಅಳಿಸಿದ್ದನ್ನು ಓದಿತ್ತು.

ನಂಬಿಕೆ ಬರಲಿಲ್ಲ. ತನ್ನ ತಿಳಿವಳಿಕೆಯ ಮೇಲೆ ಅವನಿಗೆ ನಂಬಿಕೆ ಇರುವುದು ಕಡಿಮೆ. ಸ್ವಲ್ಪ ಹೊತ್ತು ಬಿಟ್ಟು, ತಾನೇ, ತನ್ನ ಮಾಮೂಲು ದನಿಯಲ್ಲಿ, ಮೆಲ್ಲಗೆ "ಹೊರಗ" ಎಂದ. ಜೋಳಿ ಎದ್ದು, ಮೂಲೆಯತ್ತ ನೋಡದೆ, ಬಿಸಿಲು ದಾಟಿ ನುಗ್ಗೆಯ ಬುಡಕ್ಕೆ ಹೋಗಿ ನಿಂತು ಅವನ ಮುಖ ನೋಡಿತು. ಎರಡು ದನಿ, ಎರಡು ಹೊರಗ. ಎರಡನ್ನೂ ಅದು ಬೇರೆ ಬೇರೆಯಾಗಿ, ಯಾವುದನ್ನೂ ಕಳೆದುಕೊಳ್ಳದೆ ಇಟ್ಟುಕೊಂಡಿತ್ತು. ಅದರ ಮೂತಿಯನ್ನು ಕಲ್ಲಿಗೆ ಒತ್ತಿದ ಕೈಯನ್ನು ಅವನು ಮಡಿಲಲ್ಲಿ ಇಟ್ಟುಕೊಂಡು ಕೂತ.

ಇಷ್ಟನ್ನು ತಾಯಿಗೆ ಹೇಳಿದರೆ ನಾಯಿ ಉಳಿಯುತ್ತದೆ. ಆದರೆ ಹೇಳುವುದು ಹೇಗೆ? ನಾಯಿಯ ಮಾತು ಎತ್ತಿದರೆ ಆ ಮಾತು ನಾಯಿಯಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತಾಯಿ ಸಾರು ಬಡಿಸಿದಳು, ಅವನು 'ಅವ್ವಾ' ಎಂದ. ಅನ್ನ ಬೇಕೇ ಎಂದು ಅವಳು ಅನ್ನ ಹಾಕಿದಳು. ಇನ್ನೊಮ್ಮೆ 'ಅವ್ವಾ' ಎಂದ, ಮಜ್ಜಿಗೆ ಬಂತು. ತಾಟು ತುಂಬಿತು, ಮಾತು ಬರಲಿಲ್ಲ. ನಾಯಿ ಹಿಂಗ ತಿಳಕೊಂಡದ ಎಂದು ಹೇಳಿದರೆ, ಅದು ತಿಳಕೊಂಡದ್ದು ಸುಳ್ಳೇನು ಎಂದು ಯಾರಾದರೂ ಕೇಳಬೇಕಾಗುತ್ತದೆ. ಕೇಳುವವರು ಯಾರು? ಅವನು ಕೇಳುವವನಲ್ಲ. ಕೈತೊಳೆಯಲು ಬಚ್ಚಲಿಗೆ ಹೋಗುವಾಗ ಜಾಹ್ನವಿಯ ಚಾಪೆಗೆ ತಾಗದಂತೆ ಗೋಡೆಗೆ ಒತ್ತಿಕೊಂಡು ಹೋದ. ಹೋಗುತ್ತ, ತಾನು ಹೀಗೆ ಒತ್ತಿಕೊಂಡು ಹೋಗುವುದನ್ನು ನಾಯಿ ನೋಡುತ್ತಿದೆ ಎಂದು ನಾಚಿದ.

ಮಾಶಾಕನ ಆಟೋ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂತು. ಅವನು ಪಡಸಾಲೆಯ ಬಾಗಿಲಲ್ಲಿ ನಿಂತು, "ಅವ್ವಾರ, ಗೋಣಿಚೀಲ ಹಾಸೀನ್ರಿ, ನವಾಬನಂಗ ಹೊಕ್ಕೈತಿ ನಿಮ್ಮ ನಾಯಿ" ಎಂದ. ಜಾಹ್ನವಿ ಮೂಲೆಯಲ್ಲಿ ಎದ್ದು ನಿಂತಳು. ಅಷ್ಟು ಹೊತ್ತೂ ತಿದ್ದುತ್ತಿದ್ದ ಹಾಳೆಗಳನ್ನು ಅವಳು ಎದೆಗೆ ಹಿಡಿದುಕೊಂಡಿದ್ದಳು, ಅವಳ ಕೆಳತುಟಿ ಹಲ್ಲಿನ ಕೆಳಗಿತ್ತು. ಪವಮಾನ ನಡುಮನೆಯಲ್ಲಿ ನಿಂತುಬಿಟ್ಟ. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ, ಹಿಂದೆಯೇ ಬಂದ ಜೋಳಿಯ ತಲೆ ಸವರಿದ.

"ನಿಂತೇನ ನೋಡ್ತೀಯೋ" ಎಂದಳು ಪದ್ಮಾಬಾಯಿ. "ಹೊರಗ ಮಾಶಾಕ ಬಂದಾನ, ಕೊಟ್ಟುಬಾ ಅದನ್ನ."

ಅವಳು ಕೈ ತೋರಿಸಿದ್ದು ಬೀದಿಯ ಬಾಗಿಲಿಗೆ. ಜೋಳಿ ಕೈ ನೋಡಲಿಲ್ಲ. ಮಾತು ಕೇಳಿತ್ತು, ದನಿ ಕೇಳಿತ್ತು. ಎಲ್ಲರ ಕಣ್ಣೆದುರೇ ನಡುಮನೆಯಿಂದ ಮೆಟ್ಟಿಲು ಇಳಿದು, ಹಿತ್ತಲ ಬಾಗಿಲನ್ನು ಬಿಟ್ಟು, ಜಾಹ್ನವಿಯ ಪಾದದ ಪಕ್ಕದ ಕಲ್ಲಿನ ಮೇಲೆ ಕೂತಿತು. ಈ ಸಲ ಬಂತು. ಸಣ್ಣ ಸಪ್ಪಳದೊಡನೆ, ಧಾರಾಳವಾಗಿ, ಚಾಪೆಯ ಅಂಚನ್ನು ತೋಯಿಸಿಕೊಂಡು ಹರಿಯಿತು. ಮುಗಿಸಿ, ಓಡಿಬಂದು, ಪದ್ಮಾಬಾಯಿಯ ಮುಂದೆ ಬಾಲ ಅಲ್ಲಾಡಿಸಿ ನಿಂತು, ಮೂತಿ ಎತ್ತಿತು. ಭಕ್ರಿಯ ಚೂರಿಗಾಗಿ.

"ಯಪ್ಪಾ" ಎಂದ ಮಾಶಾಕ. "ಹೋಗೂ ಮುಂದ ಸಲಾಮ ಮಾಡಿ ಹೊಂಟೈತಿ."

"ನೋಡಿದಿ? ನೋಡಿದೀ ಇಲ್ಲೋ?" ಎಂದು ಪದ್ಮಾಬಾಯಿ ಮಗನ ಕಡೆ ತಿರುಗಿದಳು. "ಕಣ್ಣಮುಂದ. ನನ್ನ ಕಣ್ಣಮುಂದ."

"ಅವ್ವಾ, ನೀ ಹೇಳಿದಿ."

"ನಾ ಏನ ಹೇಳಿದೆ?"

"ಹೊರಗ ಅಂದಿ."

"ಮಾಶಾಕ ಬಂದಾನ ಅಂದೆ ನಾ. ಇದಕ್ಕ ಯಾಕ ಅನ್ಲಿ."

"ನೀ ಪ್ರತಿ ತಿಂಗಳಾ ಅದನ್ನ..." ಅವನು ಕೈಯಿಂದ ಮೂಲೆಯನ್ನು ತೋರಿಸಿದ, ಮೂಲೆಯಲ್ಲಿ ನಿಂತ ಹೆಂಡತಿಯನ್ನು ತೋರಿಸಿದಂತಾಯಿತು, ಕೈ ಇಳಿಸಿದ. "ನೀ ಹೊರಗ ಅನ್ನೂದು ಆ ಮೂಲಿಗೆ. ಅದಕ್ಕ ಹಂಗ ತಿಳದದ. ನಾ ಅಂದ್ರ ಹಿತ್ತಲಕ್ಕ ಹೋಗ್ತದ. ನೀ ಅಂದ್ರ ಇಲ್ಲೆ. ಮುಂಜಾನೆ ಇಕಿ ನಿನಗ ಹೇಳಿದಾಗೂ ನೀ ಅಂದಿರಬೇಕು. ಅಂದಿದ್ದೀ ಇಲ್ಲೋ?"

ಪದ್ಮಾಬಾಯಿ ಮೊದಲು ನಾಯಿಯನ್ನು ನೋಡಿದಳು, ಅದರ ಮೂತಿ ಇನ್ನೂ ಮೇಲೆಯೇ ಇತ್ತು. ಆಮೇಲೆ ಮೂಲೆಯನ್ನು ನೋಡಿದಳು, ಗೋಡೆಯನ್ನು, ಗೋಡೆ ತಗಡಿಗೆ ಕೂಡುವಲ್ಲಿ ಉಳಿದ ಬಿರುಕನ್ನು. ಆಟೋದ ಇಂಜಿನ್ನು ಬೀದಿಯಲ್ಲಿ ಬಡಿದುಕೊಳ್ಳುತ್ತಿತ್ತು, ಮಾಶಾಕ ಹೋಗಿ ಆರಿಸಿಬಂದ.

"ನಾ ಬಂದಾಗ ಇಲ್ಲಿ ಗ್ವಾಡಿ ಇರಲಿಲ್ಲ" ಎಂದಳು, ಯಾರಿಗೂ ಅಲ್ಲ. "ತಗಡೂ ಇರಲಿಲ್ಲ. ಬಯಲಿತ್ತು. ಮಳಿ ಬಂದ್ರ ಚಾಪಿ ತಲಿಮ್ಯಾಲೆ ಹೊತ್ತು ಕೂಡ್ತಿದ್ದೆ. ಪವ್ಯಾ ಹುಟ್ಟಿದ ವರ್ಷ ಮಾವನವರು ಗ್ವಾಡಿ ಎತ್ತಿದ್ರು." ಕಣ್ಣು ಬಿರುಕಿನಲ್ಲೇ ಇಟ್ಟು, "ಒಳಗ ಆತಲ್ಲ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ."

ನಾಯಿ ಆ ಬಯಲನ್ನು ಕಲ್ಲಿನ ಕೆಳಗೆ ಮೂಸಿತ್ತೇ ಎಂದು ಪವಮಾನನ ತಲೆಯಲ್ಲಿ ಒಂದು ವಿಚಾರ ಹಾಯ್ದು ಹೋಯಿತು.

"ಹಂಗಾದ್ರ ಒಯ್ಯಲೋ ಬಿಡ್ಲೋ, ಅವ್ವಾರ?" ಎಂದ ಮಾಶಾಕ.

"ಹೇಳಿದ್ದ ಕೇಳೇದ ಅದು" ಎಂದಳು ಪದ್ಮಾಬಾಯಿ. "ಹೇಳಿದ್ದ ಕೇಳಿದ್ದನ್ನ ಹೆಂಗ ಕಳಸೂದು. ನೀ ಹೋಗಪಾ, ರಸೂಲಬಿ ಕಾಯ್ತಿರತಾಳ." ಮಾಶಾಕ ಹೋದ ಮೇಲೆ ಮಗನಿಗೆ, ದನಿ ಬಿಗಿಮಾಡಿಕೊಂಡು, "ನಾಯಿಗೆ ಬ್ಯಾರೆ ಮಾತು ಕಲಸು. ಇದು ಬ್ಯಾಡ."

"ನಾಯಿಗೆ ಯಾಕ ಬ್ಯಾರೆ ಮಾತು ಅತ್ಯಾರ" ಎಂದಳು ಜಾಹ್ನವಿ. ಅವಳು ಮೂಲೆಯಲ್ಲೇ ಇದ್ದಳು, ಕಾಲಿನ ಸುತ್ತ ಒದ್ದೆ ಇತ್ತು, ದನಿ ಮಾತ್ರ ಚೀಲ ಹಿಡಿದು ಬಂದ ಸಂಜೆಯದು. "ಅದು ಸರಿಯಾಗೇ ಕಲ್ತದ."

ಅತ್ತೆ ಸೊಸೆಯನ್ನು ನೋಡಿದಳು. ಬಯ್ಯುತ್ತಾಳೆಂದು ಪವಮಾನ ಕಾದ. ಪದ್ಮಾಬಾಯಿ ಅಡಿಗೆಮನೆಗೆ ಹೋದಳು, ಭಕ್ರಿಯ ಒಂದು ಚೂರು ಮುರಿದು ತಂದಳು, ಜೋಳಿಯ ಮುಂದೆ, ಮುಟ್ಟದೆ, ಮೇಲಿನಿಂದ ಹಾಕಿದಳು. ಅದು ತಿನ್ನುವುದನ್ನು ಮೂವರೂ ನಿಂತು ನೋಡಿದರು.

ಆ ಮೇಲೆ ಆ ಮನೆಯಲ್ಲಿ ಆ ಮಾತು ನಿಂತುಹೋಯಿತು. ಬೇರೆ ಮಾತು ಬರಲಿಲ್ಲ. ಪವಮಾನ ಬೆಳಿಗ್ಗೆ ಬಾಗಿಲು ತೆಗೆದು ಸುಮ್ಮನೆ ನಿಲ್ಲುತ್ತಾನೆ, ಜೋಳಿ ಹೋಗಿ ಬರುತ್ತದೆ. ಮೂಲೆ ಒಣಗಿದೆ. ಪದ್ಮಾಬಾಯಿಯ ಗೋಮೂತ್ರದ ಬಾಟಲಿ ಅದೇ ವಾರ ಮುಗಿದಿತ್ತು, ಮತ್ತೆ ತರಲಿಲ್ಲ. ಅದರ ವಾಸನೆ ಹೋದದ್ದೇ ಕಾರಣವೋ, ಮಾತು ಹೋದದ್ದೇ ಕಾರಣವೋ, ತಾನು ಆ ದಿನ ಕಂಡದ್ದೆಲ್ಲ ತನ್ನ ಮರುಳೋ ಎಂದು ಅವನಿಗೆ ಕೆಲವೊಮ್ಮೆ ಅನುಮಾನವಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದು ಅವನಿಗೆ ತಿಳಿಯದೆ ಉಳಿದಿದೆ. ಆ ರವಿವಾರದ ಮೂರು ದಿನ ಕಳೆದ ಮೇಲೆ ಜಾಹ್ನವಿಯ ಚಾಪೆ ಆ ಮೂಲೆಗೆ ಬಂದಿಲ್ಲ. ತಿಂಗಳುಗಳು ಹೋದವು. ಅವಳು ದಿನವೂ ಅಡಿಗೆಮನೆಯಲ್ಲಿ ಇರುತ್ತಾಳೆ, ಅತ್ತೆ ಪಕ್ಕದಲ್ಲೇ ಕೂತು ಕಾಯಿಪಲ್ಯ ಸೋಸುತ್ತಾಳೆ, ಇಬ್ಬರೂ ಅಷ್ಟಾಗಿ ಮಾತಾಡುವುದಿಲ್ಲ. ನಲವತ್ತೈದು ದಾಟಿದ ಹೆಂಡತಿಯ ಮುಟ್ಟೇ ನಿಂತಿದೆಯೋ, ಅಥವಾ ಅವಳು ಅತ್ತೆಗೆ ಹೇಳುವುದನ್ನು ಬಿಟ್ಟಿದ್ದಾಳೋ, ಅಥವಾ ಹೇಳಿಯೂ, ಅತ್ತೆ ಕೇಳಿಯೂ, ಇಬ್ಬರೂ ಕೂಡಿ ಸುಮ್ಮನಿರುವುದೆಂದು ಯಾವಾಗಲೋ ನಿಶ್ಚಯಿಸಿದ್ದಾರೋ, ಅವನಿಗೆ ತಿಳಿಯದು. ಕೇಳಬಹುದು. ಒಂದೇ ಮನೆ, ಒಂದೇ ಕೋಣೆ. ಯಾವ ಮಾತಿನಿಂದ ಕೇಳಬೇಕು ಎಂಬುದು ಅವನಿಗೆ ಇನ್ನೂ ಗೊತ್ತಾಗಿಲ್ಲ.